ದೊಡ್ಡಪ್ಪನನ್ನು ಎಬ್ಬಿಸಿದ ಹಾಡು

ಮೊದಲ ಸಲ ಆ ಹಾಡನ್ನು ಹಾಕಿದ್ದು ನಾನೋ, ಹಿಂದಿನ ಹಾಡು ಮುಗಿದ ಮೇಲೆ ಫೋನೇ ತಾನಾಗಿ ಹಾಕಿತೋ, ಖಚಿತವಾಗಿ ಹೇಳಲಾರೆ. ನಾನೇ ಹಾಕಿದೆ ಎಂದು ಅಮ್ಮ ಹೇಳುತ್ತಾಳೆ. ಇರಬಹುದು. ಫೋನು ಹಾಕಿತು ಎಂದುಕೊಂಡರೆ ನನಗೆ ಅನುಕೂಲ, ಆದ್ದರಿಂದಲೇ ಆ ನೆನಪನ್ನು ನಾನು ಹೆಚ್ಚು ನಂಬುವುದಿಲ್ಲ.

ದೊಡ್ಡಪ್ಪ ಶಿವಮೊಗ್ಗದ ವಿನೋಬನಗರದ ನಮ್ಮ ಮನೆಗೆ ಬಂದು ಆಗ ಕೆಲವು ತಿಂಗಳಾಗಿತ್ತು. ಅಪ್ಪನ ಅಣ್ಣ, ಮದುವೆಯಾದವರಲ್ಲ. ಭದ್ರಾವತಿಯ ಕಾರ್ಖಾನೆಯೊಂದರಲ್ಲಿ ದುಡಿದು ನಿವೃತ್ತರಾದವರು. ಮರೆವಿನ ಕಾಯಿಲೆ ಶುರುವಾದ ಮೇಲೆ ಒಬ್ಬರನ್ನೇ ಅಲ್ಲಿ ಬಿಡುವಂತಿರಲಿಲ್ಲ. ಹಗಲು ಹೇಗೋ ಕಳೆಯುತ್ತಿತ್ತು, ಬೆಳಿಗ್ಗೆಯೇ ಕಷ್ಟ. ಕರೆದರೆ ಗೋಡೆಯ ಕಡೆ ತಿರುಗಿ ಮಲಗುತ್ತಿದ್ದರು. ಎದ್ದರೆ ತಾನೇ ತಿಂಡಿ, ತಿಂಡಿಯಾದರೆ ತಾನೇ ಮಾತ್ರೆ. ಕೆಲವು ದಿನ ಮಧ್ಯಾಹ್ನದವರೆಗೂ ಹನಿ ನೀರು ಇಳಿಯುತ್ತಿರಲಿಲ್ಲ. ಹೀಗೇ ಮುಂದುವರಿದರೆ ಮೂಗಿನಲ್ಲಿ ನಳಿಕೆ ಇಳಿಸಿ ಊಟ ಕೊಡಬೇಕಾಗುತ್ತದೆ ಎಂದು ಡಾಕ್ಟರು ಹೇಳಿದ್ದರು.

ಹಾಡು ಇಂಗ್ಲೆಂಡಿನ, ನ್ಯೂ ವೇವ್ ಎಂಬ ಪಾಪ್ ಶೈಲಿಯ ಒಂದು ತಂಡದ್ದು, ಅವರಿಗೆ ಹೆಸರು ತಂದ ಮೊದಮೊದಲ ಹಾಡುಗಳಲ್ಲಿ ಒಂದು. ಯಾವುದೆಂದು ಹೇಳುವುದಿಲ್ಲ. ಹೇಳಿದರೆ ಹುಡುಕಿ ಕೇಳುತ್ತೀರಿ, ಕೇಳಿದರೆ ಇಷ್ಟವಾಗಿಬಿಡುತ್ತದೆ. ಶುರುವಿನಲ್ಲಿ ಗಿಟಾರೂ ಇಲ್ಲ, ಡ್ರಮ್ಮೂ ಇಲ್ಲ. ಒಂದು ಕೀಬೋರ್ಡು ಮಾತ್ರ ಊಳಿಡುತ್ತ ಮೇಲೇರಿ, ಇಳಿದು, ಮತ್ತೆ ಏರುತ್ತದೆ. ಆಮೇಲೆ ಯಂತ್ರ ಕುಟ್ಟಿದಂಥ ತಾಳ. ಹಾಡುವವನ ದನಿ ಎಷ್ಟು ನಿರ್ಲಿಪ್ತವೆಂದರೆ, ಬಸ್‌ಸ್ಟ್ಯಾಂಡಿನಲ್ಲಿ ಊರಿನ ಹೆಸರು ಕೂಗುವ ಕಂಡಕ್ಟರನಿಗೂ ಅದಕ್ಕಿಂತ ಹೆಚ್ಚು ಕಳಕಳಿ ಇರುತ್ತದೆ. ವಿಶ್ವವಿದ್ಯಾಲಯದಲ್ಲಿ ಇತಿಹಾಸ ಓದುವಾಗ ಹಾಸ್ಟೆಲಿನ ಗೆಳೆಯನ ಕ್ಯಾಸೆಟ್ಟಿನಲ್ಲಿ ಅದನ್ನು ಮೊದಲು ಕೇಳಿ, "ಇದು ನಮ್ಮ ಭದ್ರಾವತಿ ಸೈರನ್ನು ಕಣೋ" ಎಂದು ಕುಣಿದಿದ್ದೆ. ನನಗೆ ಆ ಹಾಡು ಇಷ್ಟವಾಗಲು ಅದೇ ಕಾರಣ.

ಆ ಬೆಳಿಗ್ಗೆ ನಾನು ಅಂಗಿಗೆ ಇಸ್ತ್ರಿ ಹಾಕುತ್ತಿದ್ದೆ. ಫೋನಿನಲ್ಲಿ ಕೀಬೋರ್ಡು ಏರಿ ಇಳಿಯಿತು. ದೊಡ್ಡಪ್ಪ ದಡಕ್ಕನೆ ಎದ್ದು ಕೂತರು.

"ಸೈರನ್ ಆಯ್ತಲ್ಲ! ಎಲ್ಲರೂ ಬಂದ್ರಾ?"

ಅಮ್ಮ ಅಡುಗೆಮನೆಯಿಂದ ಇಣುಕಿ, ಅವರು ಕೆಲಸಕ್ಕೆ ಹೊರಟಿದ್ದಾರೆಂದುಕೊಂಡು, "ಬಂದ್ರು ಭಾವ, ನೀವೊಬ್ರೇ ಬಾಕಿ. ಏಳಿ ಮತ್ತೆ" ಎಂದಳು.

ಎದ್ದೇಬಿಟ್ಟರು. ಸ್ನಾನ ಮಾಡಿ, ಗುಂಡಿಗಳನ್ನು ತಪ್ಪುತಪ್ಪಾಗಿ ಹಾಕಿಕೊಂಡು, ನಿಂತೇ ಉಪ್ಪಿಟ್ಟು ತಿಂದು, ಗೇಟಿನ ಬಳಿ ಹೋಗಿ ರಸ್ತೆ ನೋಡುತ್ತ ನಿಂತರು. ಅಮ್ಮ ಖಾಲಿ ತಟ್ಟೆಯನ್ನು ನನಗೆ ತೋರಿಸಿದಳು.

"ಅದೇನು ಕೂಗು ಹಾಕಿದ್ಯೋ ಮಾರಾಯ, ನಾಳೆನೂ ಅದನ್ನೇ ಹಾಕು."

"ಅದು ಹಾಡಮ್ಮ."

"ಅದು ಹಾಡಾದ್ರೆ ನಮ್ಮನೆ ಮಿಕ್ಸಿನೂ ಹಾಡುತ್ತೆ. ಇರ್ಲಿ, ಹಾಕು."

ದಿನವೂ ವಯಸ್ಸಾದವರೊಬ್ಬರಿಗೆ ಮೋಸ ಮಾಡುತ್ತಿದ್ದೇವೆ ಅನ್ನಿಸುತ್ತಿತ್ತು. ಹೇಳಿದಾಗ ಅಮ್ಮ, "ಮಕ್ಕಳಿಗೆ ಚಂದಮಾಮನ್ನ ತೋರ್ಸಿ ಉಣ್ಸಲ್ವಾ?" ಎಂದಳು. ಶಿವಮೊಗ್ಗ ಬಿಟ್ಟು ಭದ್ರಾವತಿಯಲ್ಲಿ ಎಂದೂ ಉಳಿಯದ ಅವಳು ಒಮ್ಮೆ ಕೇಳಿದ್ದೂ ಉಂಟು, "ಅಲ್ಲಿ ಸೈರನ್ ನಿಜವಾಗ್ಲೂ ಹೀಗೇ ಕೂಗ್ತಿತ್ತಾ?"

"ಹೀಗೇ" ಎಂದೆ. ಬೇಸಿಗೆ ರಜೆಯಲ್ಲಿ ದೊಡ್ಡಪ್ಪನ ಕ್ವಾರ್ಟರ್ಸಿಗೆ ಹೋದಾಗ ಕೇಳಿದ್ದು ಚೆನ್ನಾಗಿ ನೆನಪಿತ್ತು. ಸೈರನ್ ಏರಿ ಇಳಿಯುತ್ತಿತ್ತು. ಪೇರಲೆ ಮರದಡಿ ನಾನು ಕಿವಿ ಮುಚ್ಚಿಕೊಳ್ಳುತ್ತಿದ್ದೆ. ಸಾಲುಮನೆಗಳ ಹೆಂಗಸರೆಲ್ಲ ಗೇಟಿಗೆ ಬಂದು ರಸ್ತೆ ನೋಡುತ್ತ ನಿಲ್ಲುತ್ತಿದ್ದರು. ಒಬ್ಬನೇ ಸಾಕ್ಷಿ ಹೇಳಿದ್ದನ್ನು ಇತಿಹಾಸವೆನ್ನಬಾರದು ಎಂದು ನಮ್ಮ ಮೇಷ್ಟ್ರು ಬಡಿದುಕೊಳ್ಳುತ್ತಿದ್ದರು. ಸಾಕ್ಷಿ ನಾನೇ ಆದಾಗ ಆ ಪಾಠ ನೆನಪಾಗಲಿಲ್ಲ.

ದೊಡ್ಡಪ್ಪನ ಮೈ ತುಂಬಿಕೊಂಡಿತು. ನಳಿಕೆಯ ಮಾತು ನಿಂತಿತು. ಎದ್ದ ಮೇಲೆ ಸ್ವಲ್ಪ ಹೊತ್ತು ಕೈ ನಡುಗುತ್ತಿತ್ತು. ಅದು ಕಾಯಿಲೆಯದ್ದೇ ಎಂದುಕೊಂಡೆವು. ಪ್ರತಿದಿನ "ಎಲ್ಲರೂ ಬಂದ್ರಾ?" ಎಂದು ಕೇಳುತ್ತಿದ್ದರು, ಅಮ್ಮ ಪ್ರತಿದಿನ "ನೀವೊಬ್ರೇ ಬಾಕಿ" ಎನ್ನುತ್ತಿದ್ದಳು. ನಾವು ನಗುತ್ತಿದ್ದೆವು.

ಒಂದು ಬೆಳಿಗ್ಗೆ ಭದ್ರಾವತಿಯಿಂದ, ನಾನು ಅಕ್ಕ ಎಂದು ಕರೆಯುವವರೊಬ್ಬರು ಬಂದರು. ಕ್ವಾರ್ಟರ್ಸಿನಲ್ಲಿ ದೊಡ್ಡಪ್ಪನ ಪಕ್ಕದ ಮನೆಯವರು, ತಮಿಳು ಮಾತಿನವರು, ರಜೆಯಲ್ಲಿ ನನಗೆ ಎಷ್ಟೋ ಸಲ ಊಟ ಹಾಕಿದವರು. ಮುರುಕ್ಕಿನ ಡಬ್ಬ ಮೇಜಿನ ಮೇಲಿಟ್ಟು ಕಾಫಿ ಕುಡಿಯುತ್ತಿದ್ದರು. ದೊಡ್ಡಪ್ಪನನ್ನು ಎಬ್ಬಿಸುವ ಹೊತ್ತಾಯಿತೆಂದು ನಾನು, ತುಸು ಜಂಬದಿಂದಲೇ, "ಅಕ್ಕ, ಈಗ ನೋಡಿ" ಎಂದು ಹಾಡು ಒತ್ತಿದೆ.

ದೊಡ್ಡಪ್ಪನಿಗಿಂತ ಮೊದಲು ಅವರೇ ಎದ್ದು ನಿಂತರು. ಕಾಫಿ ಸೀರೆಯ ಮೇಲೆ ಚೆಲ್ಲಿತು.

"ನಿಲ್ಸು ತಂಬಿ. ಮೊದ್ಲು ನಿಲ್ಸು ಅದನ್ನ."

ನಿಲ್ಲಿಸಿದೆ.

"ಇದನ್ಯಾಕಪ್ಪಾ ಹಾಕ್ತೀಯ? ಇದು ಶಿಫ್ಟ್ ಸೈರನ್ ಅಲ್ಲ. ಒಳಗೆ ಏನಾದ್ರೂ ಅನಾಹುತ ಆದ್ರೆ ಮಾತ್ರ ಹಿಂಗೆ ಏರಿ ಇಳಿಯೋದು. ಇದು ಕೇಳಿದ್ರೆ ಸಾಕು, ನಾವೆಲ್ಲ ಗೇಟಿಗೆ ಬಂದು ನಿಲ್ತಿದ್ವಿ. ನಮ್ಮೋರು ಹೊರಗೆ ಬಂದ್ರಾ, ಬಂದ್ರಾ ಅಂತ."

ಒಳಗಿನ ಕೋಣೆಯಿಂದ ದನಿ ಬಂತು. "ಎಲ್ಲರೂ ಬಂದ್ರಾ?"

ಅಮ್ಮ ತಟ್ಟೆ ಹಿಡಿದು ನಿಂತಿದ್ದಳು. ಅಕ್ಕ ಒಳಗೆ ಹೋಗಿ ದೊಡ್ಡಪ್ಪನ ಕೈ ಹಿಡಿದುಕೊಂಡರು. "ಎಲ್ಲರೂ ಬಂದ್ರು ಅಣ್ಣ. ಯಾರಿಗೂ ಏನೂ ಆಗಿಲ್ಲ."

ದೊಡ್ಡಪ್ಪ ಅವರ ಮುಖವನ್ನೇ ಸ್ವಲ್ಪ ಹೊತ್ತು ನೋಡಿದರು. ಕೈಯ ನಡುಕ ನಿಂತಿತು. ಮೆಲ್ಲಗೆ ಒರಗಿ ಮತ್ತೆ ನಿದ್ದೆಹೋದರು.

ಅಂದಿನಿಂದ ಹಾಡು ಹಾಕಿಲ್ಲ. ಅವರು ಮತ್ತೆ ಗೋಡೆಯ ಕಡೆ ತಿರುಗುತ್ತಾರೆ. ಅಮ್ಮ ಮಂಚದ ಪಕ್ಕ ಕೂತು, ಕಣ್ಣು ಬಿಟ್ಟಾಗಲೆಲ್ಲ ಒಂದೊಂದು ಚಮಚ ಗಂಜಿ ಕೊಡುತ್ತಾಳೆ. ನಾನಿದ್ದಾಗ ನಾನು ಕೊಡುತ್ತೇನೆ. ನಳಿಕೆಯ ಮಾತು ಮತ್ತೆ ಬಂದಿದೆ. ಹಾಡು ಫೋನಿನಲ್ಲೇ ಇದೆ. ತಟ್ಟೆ ತುಂಬಿದ್ದ ಹಾಗೇ ವಾಪಸು ಹೋಗುವಾಗ ಬೆರಳು ಅತ್ತ ಹೋಗುತ್ತದೆ. ಹೊಟ್ಟೆ ತುಂಬಿಸುವ ಭಯವೋ, ಹಸಿದಿರುವ ನೆಮ್ಮದಿಯೋ, ಯಾವುದು ಬೇಕು ಎಂದು ಅವರನ್ನು ಕೇಳುವಂತಿಲ್ಲ.

ಅದಕ್ಕೇ ಇರಬೇಕು, ನನ್ನ ತಲೆ ತಕರಾರು ಹುಡುಕತೊಡಗಿತು. ಅಕ್ಕನಿಗೂ ವಯಸ್ಸಾಗಿದೆ, ಅವರ ನೆನಪೇಕೆ ತಪ್ಪಿರಬಾರದು? ನಾನು ಪೇರಲೆ ಮರದಡಿ ಕೇಳಿದ್ದು ಯಾವುದೋ ಒಂದೇ ದಿನದ್ದೋ? ಆ ಒಂದು ದಿನವನ್ನು ಹಾಸ್ಟೆಲಿನ ಕ್ಯಾಸೆಟ್ಟು ತಿರುತಿರುಗಿ ಹಾಡಿ ಎಲ್ಲ ದಿನಗಳನ್ನಾಗಿ ಮಾಡಿತೋ?

ಕಳೆದ ವಾರ ಭದ್ರಾವತಿಗೆ ಹೋದೆ. ಆ ಕಾರ್ಖಾನೆಯಲ್ಲಿ ದುಡಿದ ಹಳಬರನ್ನು ಹುಡುಕಿ, ಒಬ್ಬರ ಮಾತು ಇನ್ನೊಬ್ಬರಿಗೆ ತಿಳಿಯದಂತೆ ಬೇರೆಬೇರೆಯಾಗಿ ಕಂಡೆ. ಕಾರಣ ಹೇಳಲಿಲ್ಲ. ಶಿಫ್ಟಿನ ಸೈರನ್ ಹೇಗೆ ಕೂಗುತ್ತಿತ್ತು, ಬಾಯಲ್ಲಿ ಕೂಗಿ ತೋರಿಸಿ ಎಂದಷ್ಟೇ ಕೇಳಿದೆ. "ಇದೇನು ಹುಚ್ಚು ಮಾರಾಯ ನಿಂದು?" ಎಂದು ನಕ್ಕು ಎಲ್ಲರೂ ಕೂಗಿ ತೋರಿಸಿದರು. ಒಬ್ಬರಂತೂ ಟೀ ಅಂಗಡಿಯ ಮುಂದೆಯೇ ಉಸಿರು ಮುಗಿದು ಕೆಮ್ಮು ಬರುವವರೆಗೂ ಕೂಗಿದರು. ಎಲ್ಲರದೂ ಒಂದೇ ದನಿ, ಗೆರೆ ಎಳೆದಂತೆ ನೇರ. ಶಿಫ್ಟಿನ ಸೈರನ್ ಏರುತ್ತಿರಲಿಲ್ಲ, ಇಳಿಯುತ್ತಿರಲಿಲ್ಲ.