ಮಿಸ್ತ್ರಿಕಾಕಾ ಮತ್ತು ಕೆಂಪು ಕಾರಿನ ಕಮಾನ ಪಾಟಾ

ಮೊನ್ನೆ ಸೊಲ್ಲಾಪುರದ ಹೊಟಗಿ ರಸ್ತೆಯಲ್ಲಿ ನಾನು ಕೂತಿದ್ದ ಆಟೋ ಕೆಟ್ಟು ನಿಂತಿತು. ಪಕ್ಕದ ಗ್ಯಾರೇಜಿನ ಮುಂದೆ ಲಾರಿಯೊಂದರ ಹಿಂಬದಿ ಎತ್ತಿ, ಅದರ ಕಮಾನ ಪಾಟಾ ಬಿಚ್ಚಿ ಹಾಕಿದ್ದರು. ಬಿಲ್ಲಿನಂತೆ ಬಾಗಿದ, ಒಂದರ ಮೇಲೊಂದು ಜೋಡಿಸುವ ಆ ಉಕ್ಕಿನ ಪಟ್ಟಿಗಳ ಕೆಳಗೆ ಹಾಸಿದ್ದ ಗೋಣಿತಟ್ಟಿನಿಂದ ಹಳೆಯ ಗ್ರೀಸಿನ ವಾಸನೆ ಬರುತ್ತಿತ್ತು. ಅದು ಮೂಗಿಗೆ ಬಡಿದದ್ದೇ ತಡ, ಐವತ್ತು ವರ್ಷಗಳ ಹಿಂದಿನ ಒಬ್ಬ ಹಿರಿಯರ ಮೇಲಿನ ಸಿಟ್ಟು ಹಾಗೇ ಎದ್ದು ಬಂತು.

ಎಪ್ಪತ್ತರ ದಶಕದ ನಡುವಿನ ಮಾತು. ಸೊಲ್ಲಾಪುರದಲ್ಲಿ ನಮ್ಮದು ಟವೆಲ್ಲು, ಚಾದರದ ವ್ಯಾಪಾರ. ನನಗೆ ಮದುವೆಯಾಗಿ ಎರಡು ವರ್ಷವಾಗಿತ್ತು. ಅಕ್ಕಲಕೋಟೆಯ ಒಂದು ಹಳೆಯ ವಾಡೆಯ ಸಿರಿವಂತರು ಇಂಗ್ಲೆಂಡಿನಿಂದ ಬಂದ ತಮ್ಮ ಕೆಂಪು ಕಾರನ್ನು ಮಾರುತ್ತಾರೆಂದು ತಿಳಿಯಿತು. ಎರಡೇ ಸೀಟು, ಮೇಲೆ ಚಾವಣಿಯಿಲ್ಲ. ಅಪ್ಪ ಬೇಡವೆಂದರೂ ಕೇಳದೆ ಕೊಂಡೆ. ಕಾರಿನ ಜೊತೆಗೆ ಆ ವಾಡೆಯ ಗಾಡಿ ಮಿಸ್ತ್ರಿಯೂ ಬಂದಂತಾಯಿತು. ಇಪ್ಪತ್ತು ವರ್ಷ ಅದನ್ನು ನೋಡಿಕೊಂಡವರು ಅವರು. ಮಾರಿದ ಮೇಲೂ ಅದು ತಮ್ಮದೇ ಎಂಬಂತೆ ಪ್ರತಿ ವಾರ ಬಸ್ಸು ಹತ್ತಿ ನಮ್ಮ ಮನೆಗೆ ಬರುತ್ತಿದ್ದರು. ನನ್ನ ಎಡಗಾಲಿನ ಚಪ್ಪಲಿ ಸವೆದದ್ದು ನೋಡಿ, ಕ್ಲಚ್ಚಿನ ಮೇಲೆ ಸುಮ್ಮಸುಮ್ಮನೆ ಕಾಲಿಡುತ್ತೀರಿ ಎಂದು ನನ್ನ ಮನೆಯ ಕಟ್ಟೆಯ ಮೇಲೇ ಕೂತು ನನ್ನನ್ನು ಬೈಯುತ್ತಿದ್ದರು. ನಾನು ಅವರನ್ನು ಮಿಸ್ತ್ರಿಕಾಕಾ ಎನ್ನುತ್ತಿದ್ದೆ.

ಆ ಕಾರಿನ ಕಮಾನ ಪಾಟಾಗಳು ಪೂರಾ ಸೋತುಹೋಗಿದ್ದವು. ಸಣ್ಣ ಗುಂಡಿಗೂ ಹಿಂಬದಿ ಧಡ್ಡೆಂದು ಕೂತುಬಿಡುತ್ತಿತ್ತು. ಒಮ್ಮೆ ಕೂತ ನನ್ನ ಹೆಂಡತಿ, "ಇದರಾಗ ಕುಂತರ ನನ್ನ ಸೊಂಟ ಉಳಿಯಂಗಿಲ್ಲ" ಎಂದವಳು ಮತ್ತೆ ಹತ್ತಲಿಲ್ಲ. ನಾಲ್ಕೂ ಗಾಲಿಯ ಪಾಟಾ ಬದಲಿಸೋಣ ಎಂದೆ. ಬೇರೆಯವರ ಕೈಗೆ ಕೊಡುವುದೇ ಬೇಡವೆಂದು ಕಾಕಾ ಗಾಡಿಯನ್ನು ಅಕ್ಕಲಕೋಟೆಗೆ ಒಯ್ದರು. ಎಂಟು ದಿನ ಎಂದಿದ್ದರು. ನಾಲ್ಕು ತಿಂಗಳಾಯಿತು.

ಪ್ರತಿ ಗುರುವಾರ ಹೋಗುತ್ತಿದ್ದೆ. ತಗಡಿನ ಶೆಡ್ಡಿನಲ್ಲಿ ಗಾಡಿ ಗಾಲಿಯಿಲ್ಲದೆ ಕಲ್ಲುಗಳ ಮೇಲೆ ಕೂತಿರುತ್ತಿತ್ತು. ಒಂದು ವಾರ ಕಮ್ಮಾರ ಕೊಟ್ಟ ಉಕ್ಕಿಗೆ ಹದ ಬಂದಿಲ್ಲ. ಇನ್ನೊಂದು ವಾರ ಬಾಗು ಅರ್ಧ ಬೆರಳು ಹೆಚ್ಚಾಗಿದೆ. ಮತ್ತೊಂದು ವಾರ... ಈಗ ನೆನಪಿಲ್ಲ, ಏನೋ ಒಂದು. "ಅವಸರ ಮಾಡಬ್ಯಾಡ್ರಿ ಸಾವಕಾರ್ರ, ಇದು ಲಾರಿ ಅಲ್ಲ" ಎಂಬ ಮಾತು ಮಾತ್ರ ಒಂದು ಗುರುವಾರವೂ ತಪ್ಪಲಿಲ್ಲ. ಕಡೆಗೆ ನನ್ನ ತಾಳ್ಮೆ ಕೆಟ್ಟಿತು.

"ನಿಮ್ಮ ಕೈಲೆ ಆಗಂಗಿಲ್ಲ ಅಂದ್ರ ಆಗಂಗಿಲ್ಲ ಅಂತ ಹೇಳ್ರಿ ಕಾಕಾ" ಎಂದುಬಿಟ್ಟೆ.

ಬಿಚ್ಚಿದ ಗಾಡಿಯನ್ನು ಲಾರಿಗೆ ಹೇರಿಸಿ ಸೊಲ್ಲಾಪುರಕ್ಕೆ ತಂದೆ. ಇಲ್ಲಿಯ ಒಬ್ಬ ಗ್ಯಾರೇಜಿನವನು ಮೂರೇ ದಿನದಲ್ಲಿ ನಾಲ್ಕೂ ಹೊಸ ಪಾಟಾ ಮಾಡಿ ಕೂಡಿಸಿಕೊಟ್ಟ.

ಅಷ್ಟಕ್ಕೆ ಸುಮ್ಮನಿರಬಹುದಿತ್ತು. ಆದರೆ ಕಾಕಾಗೆ ತೋರಿಸಲೇಬೇಕೆಂಬ ಹಟ. ಹೆಂಡತಿಯನ್ನು ಹೇಗೋ ಒಪ್ಪಿಸಿ, ಕೂಡಿಸಿಕೊಂಡು ಅಕ್ಕಲಕೋಟೆಗೆ ಹೋದೆ. ಅವರು ಗಾಡಿಗೆ ಒಂದು ಸುತ್ತು ಹಾಕಿ, ಬಗ್ಗಿ ಕೆಳಗೆ ನೋಡಿದರು. "ಹೊಸಾ ಪಾಟಾ ಕುಂದರತಾವ್ರಿ. ನಟ್ ಸಡ್ಲ ಬೀಳತಾವ. ಗಾಡಿ ನೆರಳಾಗ ಹಚ್ರಿ, ಒಮ್ಮೆ ಬಿಗಿಯೂಣ." ಅವರ 'ಒಮ್ಮೆ' ಎಂದರೆ ಇನ್ನೊಂದು ತಿಂಗಳು ಎಂದುಕೊಂಡು, ಕೈಮುಗಿದು ಹೊರಟುಬಿಟ್ಟೆ.

ದಾರಿಯಲ್ಲಿ ವಳಸಂಗ ಊರು ಇನ್ನೂ ಎರಡು ಮೈಲಿ ಇರುವಾಗ ಹಿಂದೆ ಏನೋ ಕಟ್ಟೆಂದಿತು. ಗಾಡಿ ಒಂದು ಕಡೆಗೆ ಎಳೆದುಕೊಂಡು, ಜೋಳದ ಹೊಲಕ್ಕೆ ನುಗ್ಗಿ, ಬದುವಿಗೆ ಬಡಿದು ನಿಂತಿತು. ಮುಂದಿನ ಗಾಜಿನ ಚೌಕಟ್ಟು ತಗುಲಿ ಹೆಂಡತಿಯ ಹಣೆ ಒಡೆಯಿತು. ಸೆರಗೆಲ್ಲ ರಕ್ತ. ಯಾರದೋ ಜೀಪಿನಲ್ಲಿ ಸೊಲ್ಲಾಪುರಕ್ಕೆ ಕರೆದೊಯ್ದು ಆರು ಹೊಲಿಗೆ ಹಾಕಿಸಿದೆ.

ಮರುದಿನ ಬೆಳಿಗ್ಗೆ ಬಸ್ಸಿಳಿದು ಹೊಲಕ್ಕೆ ಹೋದರೆ, ಕಾಕಾ ಆಗಲೇ ಗಾಡಿಯ ಪಕ್ಕ ತಟ್ಟು ಹಾಸಿ, ನಟ್ ಬಿಗಿಯುವ ಪಾನಾಗಳನ್ನು ಸಾಲಾಗಿ ಇಟ್ಟುಕೊಂಡು ಕೂತಿದ್ದರು. ಬಸ್ಸಿನ ಕಂಡಕ್ಟರ್ ಸುದ್ದಿ ಮುಟ್ಟಿಸಿದ್ದನಂತೆ. ಇನ್ನು 'ನಾ ಹೇಳಿದ್ದೆ' ಎನ್ನುವುದನ್ನು ಕೇಳಿಸಿಕೊಳ್ಳಬೇಕಲ್ಲ ಎಂದು ಹಲ್ಲು ಕಚ್ಚಿ ನಿಂತೆ.

"ಬಾಯಾರು ಹೆಂಗದಾರ್ರಿ?" ಎಂದು ಹೆಂಡತಿಯ ವಿಷಯ ಕೇಳಿದರು.

ಹೇಳಿದೆ. ಕಾಕಾ ಎರಡೂ ಕೈಗಳನ್ನು ನನ್ನ ಮುಂದೆ ಚಾಚಿದರು. ಬೆರಳುಗಳು ನಡುಗುತ್ತಿದ್ದವು. ಎಷ್ಟು ಹೊತ್ತಾದರೂ ನಿಲ್ಲಲಿಲ್ಲ.

"ವರ್ಷ ಆತ್ರಿ. ಕೈಯಾಗ ಪಾನಾ ನಿಲ್ಲಂಗಿಲ್ಲ. ಹೇಳಾಕ ನಾಚಿಕಿ ಆತು... ನೀವ ಕೆಳಗ ಹೋಗ್ರಿ, ನಾ ಹೇಳ್ತೀನಿ."

ಇಸ್ತ್ರಿ ಮಾಡಿದ ಬಟ್ಟೆಯಲ್ಲೇ ಗಾಡಿಯ ಕೆಳಗೆ ಮಲಗಿದೆ. ಜಾಕ್ ಏರಿಸಿ, ನಟ್ ಸಡಿಲಾಗಿ ಸರಿದುಹೋಗಿದ್ದ ಆಕ್ಸಲನ್ನು ಹಾರೆಯಿಂದ ಮೀಟಿ, ಪಾಟಾದ ಮೇಲೆ ಮತ್ತೆ ಕೂಡಿಸಲು ಎರಡು ತಾಸು ಹಿಡಿಯಿತು. "ಒಂದ ಬಾಜೂ ಪೂರಾ ಬಿಗೀಬ್ಯಾಡ್ರಿ. ಎದುರು ಬದುರು ಬಿಗೀರಿ" ಎಂದರು. ಬಿಗಿದೆ. ಬಿಚ್ಚಿಸಿದರು. ಮತ್ತೆ ಬಿಗಿದೆ. ಮತ್ತೆ ಬಿಚ್ಚಿಸಿದರು. ಕಣ್ಣಿಗೆ ಮಣ್ಣು, ಬೆವರು. ನಾನು ಕೆಳಗಿನಿಂದ ಬೈದೆ, ಅವರು ಮೇಲಿನಿಂದ ಬೈದರು. ಕಡೆಗೆ ಗಾಡಿಯನ್ನು ಇಳಿಸಿ ಹಿಂಬದಿಯನ್ನು ಒತ್ತಿದಾಗ ಅದು ಮೆತ್ತಗೆ ಇಳಿದು ಮೆತ್ತಗೆ ಎದ್ದಿತು. ಕಾಕಾ ನಕ್ಕಿದ್ದನ್ನು ನಾನು ನೋಡಿದ್ದು ಅದೇ ಮೊದಲು. ಅವರನ್ನು ಪಕ್ಕದಲ್ಲಿ ಕೂಡಿಸಿಕೊಂಡು ಊರಿಗೆ ಬಿಟ್ಟುಬಂದೆ. ದಾರಿಯುದ್ದಕ್ಕೂ ನನಗೆ ಗೇರ್ ಹಾಕುವುದನ್ನು ಕಲಿಸಿದರು.

ಶೆಡ್ಡಿನಲ್ಲಿ ಆಡಿದ ಆ ಮಾತಿಗೆ ಅಂದೇ ತಪ್ಪಾಯಿತು ಎನ್ನಬೇಕಿತ್ತು. ಮೈಯೆಲ್ಲ ನೋಯುತ್ತಿತ್ತು, ಸಿಟ್ಟೂ ಇಳಿದಿರಲಿಲ್ಲ. ಮುಂದೆ ಹೇಳಿದರಾಯಿತು ಎಂದುಕೊಂಡೆ. ಮರುವರ್ಷ ಮಳೆಗಾಲ ಮುಗಿದ ಮೇಲೆ ಪಾಟಾ ಕಿರುಗುಟ್ಟತೊಡಗಿತು. ಎರಡು ತಿಂಗಳಿಂದ ಕಾಕಾರ ಸುಳಿವಿಲ್ಲ. ಬೇಕಾದಾಗಲೇ ಇವರು ಬರುವುದಿಲ್ಲ ಎಂದು ಗೊಣಗುತ್ತ, ಜಗಳ ತೆಗೆಯಲೆಂದೇ ಅಕ್ಕಲಕೋಟೆಗೆ ಹೋದೆ. ಅವರ ಸೊಸೆ ಬಾಗಿಲಿಗೆ ಬಂದರು.

"ಅವರು ಹೋಗಿ ಒಂದೂವರಿ ತಿಂಗಳಾತ್ರಿ. ನಿಮಗ ಯಾರೂ ಹೇಳಲಿಲ್ಲೇನ್ರಿ?"

ಯಾರು ಹೇಳಬೇಕು... ನಾನು ಅವರ ಬಂಧುವೇ, ಬಳಗವೇ? ಅಂಗಳದಲ್ಲಿ ಸ್ವಲ್ಪ ಹೊತ್ತು ನಿಂತು ತಿರುಗಿ ಬಂದೆ.

ಈಗ ನನ್ನ ವಯಸ್ಸು ಅಂದಿನ ಅವರ ವಯಸ್ಸನ್ನು ದಾಟಿದೆ. ಮನೆಯಲ್ಲಿ ನಾನು ಏನೆಂದರೂ ಎಲ್ಲರೂ ಹೂಂ ಎನ್ನುತ್ತಾರೆ. ಕಟ್ಟೆಯ ಮೇಲೆ ಕೂತು ನನ್ನನ್ನು ಬೈಯುವವರು ಯಾರೂ ಉಳಿದಿಲ್ಲ. ಮೊನ್ನೆ ಮನೆಗೆ ಬಂದ ಮೇಲೆ, ಶೆಡ್ಡಿನ ಆ ಮಾತಿಗೆ ನಾನು ಕಾಕಾರ ಕ್ಷಮೆ ಕೇಳಲೇ ಇಲ್ಲ ಎಂದು ಹೆಂಡತಿಗೆ ಹೇಳಿದೆ.

"ಅವರಿಗೆ ತಿಳದಿತ್ತ ಬಿಡ್ರಿ" ಎಂದಳು.

ತಿಳಿದಿರಬಹುದು. ಆದರೆ ನಾನು ಹೇಳಲಿಲ್ಲ.