ಒಣ ಸೌಟು

ಸೌಟು ಒಣಗಿತ್ತು. ಈಗಲೂ ಮನೆಯಲ್ಲಿ ಕರೆಂಟ್ ಹೋದಾಗ ನನಗೆ ಮೊದಲು ನೆನಪಾಗುವುದು ಅದೊಂದೇ. ಅಮ್ಮ ಅದನ್ನು ಒಂದು ಸಲ ನೀರಿಗೆ ಅದ್ದಿದ್ದರೂ ಇದನ್ನು ನಾನು ಬರೆಯುತ್ತಿರಲಿಲ್ಲ.

ಅರವತ್ತರ ದಶಕದ ನಡುವಿನ ಮಾತು. ಕಾಪುವಿನಲ್ಲಿ ದೊಡ್ಡ ರಸ್ತೆಯಿಂದ ಸಮುದ್ರದ ಕಡೆಗೆ ಇಳಿಯುವ ದಾರಿಯಲ್ಲಿ ನಮ್ಮ ಮನೆ. ನಮ್ಮದು ಕೊಂಕಣಿ, ಹೊರಗೆ ತುಳು. ಇಲ್ಲಿ ಎಲ್ಲರ ಮಾತನ್ನೂ ಕನ್ನಡದಲ್ಲೇ ಬರೆಯುತ್ತಿದ್ದೇನೆ. ಅಪ್ಪ ಬೊಂಬಾಯಿಯಲ್ಲಿ ದುಡಿಯುತ್ತಿದ್ದರು. ಅಣ್ಣ ಮಣಿಪಾಲದ ಒಂದು ಪ್ರಯೋಗಾಲಯದಲ್ಲಿ ಕೆಲಸಕ್ಕಿದ್ದ. ಬೆಳಿಗ್ಗೆ ಬಸ್ಸಿಗೆ ಹೋದರೆ ಕತ್ತಲಾಗುವ ಹೊತ್ತಿಗೆ ಬರುತ್ತಿದ್ದ. ನಾನು ಉಡುಪಿಯ ಕಾಲೇಜಿನಲ್ಲಿ ಬಿ.ಎಸ್ಸಿ. ಓದುತ್ತಿದ್ದೆ. ಹಗಲಲ್ಲಿ ಮನೆಯಲ್ಲಿ ಅಮ್ಮ ಮತ್ತು ಅಣ್ಣನ ಹೆಂಡತಿ, ಇಬ್ಬರೇ.

ಹಿಂದಿನ ವರ್ಷವಷ್ಟೇ ನಮ್ಮ ಮನೆಗೆ ಕರೆಂಟ್ ಬಂದಿತ್ತು. ಅಮ್ಮನಿಗೆ ಅದೆಂದರೆ ಹೆದರಿಕೆ. ಗೋಡೆಯ ಮೇಲಿನ ಆ ಕರಿ ಗುಂಡಿಗಳನ್ನು ಅವಳು ಒಂದು ದಿನವೂ ಕೈಯಿಂದ ಮುಟ್ಟಿದವಳಲ್ಲ. ದೀಪ ಹಾಕಬೇಕಾದರೆ ಅಡುಗೆಮನೆಗೆ ಹೋಗಿ ತೆಂಗಿನ ಚಿಪ್ಪಿಗೆ ಮರದ ಕೋಲು ಸಿಕ್ಕಿಸಿದ ಸೌಟು ತರುತ್ತಿದ್ದಳು. ಮಾರು ದೂರದಲ್ಲಿ ನಿಂತು, ಕೋಲಿನ ತುದಿಯಿಂದ ಸ್ವಿಚ್ಚನ್ನು ಒತ್ತುತ್ತಿದ್ದಳು. ಅಣ್ಣ ಅವಳನ್ನು ಅಣಕಿಸಿ ತೋರಿಸುತ್ತಿದ್ದ. ಮನೆಗೆ ಬಂದವರ ಮುಂದೆ ನಾನೂ ಹೇಳಿ ನಗುತ್ತಿದ್ದೆ. ಅಮ್ಮ ಮಾತ್ರ ಬೇಸರಿಸದೆ ಸೌಟು ಹಿಡಿದುಕೊಂಡೇ ಇದ್ದಳು.

ಅತ್ತಿಗೆ ಬೊಂಬಾಯಿಯಲ್ಲೇ ಹುಟ್ಟಿ ಬೆಳೆದವರು. ಮದುವೆಯಾಗಿ ಬರುವಾಗ ಎರಡು ಟ್ರಂಕಿನ ಜತೆಗೆ ಕಬ್ಬಿಣದ ಚೌಕಟ್ಟಿಗೆ ಗಾಜು ಕೂರಿಸಿದ ಒಂದು ಪೆಟ್ಟಿಗೆ ತಂದಿದ್ದರು. ಮೀನುಗಳು ಆಮೇಲೆ ಬಂದವು. ಅಪ್ಪ ರಜೆಗೆ ಬರುವಾಗ ಏಳು ಬಂಗಾರದ ಮೀನುಗಳನ್ನು ಅಗಲ ಬಾಯಿಯ ಡಬ್ಬಿಯಲ್ಲಿ ಹಾಕಿ, ದಾರಿಯುದ್ದಕ್ಕೂ ಮಡಿಲಲ್ಲಿ ಇಟ್ಟುಕೊಂಡು ತಂದರು. ಪೆಟ್ಟಿಗೆಯನ್ನು ಮನೆಯ ಮುಂದಿನ ಕೋಣೆಯಾದ ಚಾವಡಿಯ ಮೇಜಿನ ಮೇಲೆ ಇಟ್ಟೆವು. ಅದರ ಮೇಲಿನ ಸಣ್ಣ ಹಲಗೆಯ ಮೇಲೆ ಗಾಳಿ ಊದುವ ಮೋಟಾರು. ಸೋಪಿನ ಪೆಟ್ಟಿಗೆಯಷ್ಟು ದೊಡ್ಡದು, ಒಳಗೆ ದುಂಬಿ ಸಿಕ್ಕಿಕೊಂಡ ಹಾಗೆ ಗುಂಯ್ ಎನ್ನುತ್ತಿತ್ತು. ಅದರಿಂದ ರಬ್ಬರ್ ಕೊಳವೆ ನೀರಿಗೆ ಇಳಿದು ಗುಳ್ಳೆ ಬಿಡುತ್ತಿತ್ತು.

ನಮ್ಮ ಊರಿನಲ್ಲಿ ಮೀನನ್ನು ನೋಡಲಿಕ್ಕೆ ಸಾಕುವುದೆಂದರೆ ನಗೆಯ ಮಾತು. ದಿನಾ ಮೀನು ತರುವ ಹೆಂಗಸು ಬುಟ್ಟಿ ಇಳಿಸಿ, ಸೆರಗಿನಿಂದ ಮುಖ ಒರೆಸಿ, ಚಾವಡಿಗೆ ಇಣುಕಿ ಕೇಳುತ್ತಿದ್ದಳು.

"ಬಾಯಮ್ಮ, ಇದು ಸಾರಿಗಾ, ಹುರಿಯಲಿಕ್ಕಾ?"

"ನೋಡಲಿಕ್ಕಂತೆ."

"ನೋಡಲಿಕ್ಕೆ ಸಮುದ್ರ ಇಲ್ವಾ?"

ಅಮ್ಮನೂ ಅವಳ ಜತೆ ನಗುತ್ತಿದ್ದಳು. ಒಳಗೆ ಅತ್ತಿಗೆಗೆ ಆ ನಗು ಕೇಳಿಸುತ್ತಿತ್ತು. ಅವರಿಗೆ ತುಳು ಬರುತ್ತಿರಲಿಲ್ಲ, ನೆರೆಯಲ್ಲಿ ಸ್ನೇಹಿತರಿರಲಿಲ್ಲ. ಮಧ್ಯಾಹ್ನದ ಕೆಲಸ ಮುಗಿಸಿ ಪೆಟ್ಟಿಗೆಯ ಮುಂದೆ ಕುರ್ಚಿ ಎಳೆದುಕೊಂಡು ಕೂರುತ್ತಿದ್ದರು. ಆ ಮನೆಯಲ್ಲಿ ಅವರದು ಎಂದು ಇದ್ದದ್ದು ಅದೊಂದೇ. ಅದೂ ಗಟ್ಟಿಯಿರಲಿಲ್ಲ. ಕೊನೆಯ ಮೀನು ಸತ್ತ ದಿನ ಆ ಮೇಜು ತನಗೆ ಬೇಕು, ಪೆಟ್ಟಿಗೆ ಅಟ್ಟಕ್ಕೆ ಹೋಗಲಿ ಎಂದು ಅಮ್ಮ ಮೊದಲೇ ಹೇಳಿಬಿಟ್ಟಿದ್ದಳು.

ಮೇ ತಿಂಗಳು, ನನಗೆ ರಜೆ. ಊಟ ಮುಗಿಯುವ ಹೊತ್ತಿಗೆ ಮೋಡ ಕಟ್ಟಿ ಗಾಳಿ ಎದ್ದಿತು. ಎಲ್ಲೋ ತೆಂಗಿನ ಮಡಲು ತಂತಿಯ ಮೇಲೆ ಬಿದ್ದಿರಬೇಕು, ಕರೆಂಟ್ ಹೋಯಿತು. ದುಂಬಿಯ ಸದ್ದು ನಿಂತಾಗಲೇ ಅದು ಇಷ್ಟು ದಿನ ಮನೆ ತುಂಬಿತ್ತೆಂದು ತಿಳಿದದ್ದು. ಸ್ವಿಚ್ ಹಾಕಿದ್ದಂತೆಯೇ ಬಿಟ್ಟೆವು. ಎಲ್ಲರ ಮನೆಯಲ್ಲೂ ಹಾಗೆಯೇ. ಆರಿಸಿಬಿಟ್ಟರೆ ಕರೆಂಟ್ ಬಂದದ್ದು ಗೊತ್ತಾಗುವುದು ಹೇಗೆ?

ಸೆಕೆಗೆ ನೀರು ಬಿಸಿಯಾಗಿತ್ತು. ಸ್ವಲ್ಪ ಹೊತ್ತಿನಲ್ಲಿ ಮೀನುಗಳೆಲ್ಲ ಮೇಲಕ್ಕೆ ಬಂದು, ಬಾಯಿಯನ್ನು ನೀರಿನ ಹೊರಗೆ ಹಾಕಿ ಗುಟುಕರಿಸತೊಡಗಿದವು. ಏಳು ಮೀನುಗಳಿಗೆ ಆ ಪೆಟ್ಟಿಗೆ ಚಿಕ್ಕದು, ಕೆಲವನ್ನಾದರೂ ಬೇರೆ ಅಗಲವಾದ ಪಾತ್ರೆಗೆ ಹಾಕಬೇಕು ಎಂದು ಅತ್ತಿಗೆ ಮನೆಯೆಲ್ಲ ಹುಡುಕಿದರು. ಬಾಲ್ದಿಗಳು ಇಕ್ಕಟ್ಟು. ಅನ್ನದ ಪಾತ್ರೆಯಲ್ಲಿ ಅನ್ನವಿತ್ತು.

ಆಗ ಅಮ್ಮ ಎದ್ದು ಬಂದಳು. ಮೀನುಗಳನ್ನು ನೋಡಿದಳು, ಸೊಸೆಯ ಮುಖ ನೋಡಿದಳು.

"ನನ್ನ ಹಂಡೆ ತಕೋ," ಎಂದಳು.

ಆ ಹಂಡೆಯ ವಿಷಯ ಹೇಳದಿದ್ದರೆ ಈ ಮಾತಿನ ತೂಕ ತಿಳಿಯದು. ಅದು ಬಚ್ಚಲಿನ ಮಸಿ ಹಿಡಿದ ಹಂಡೆಯಲ್ಲ. ಕಾರ್ಕಳದ ತವರಿನವರು ಮದುವೆಗೆ ಕೊಟ್ಟ ತಾಮ್ರದ ಹಂಡೆ. ಮನೆಯಲ್ಲಿ ಏನಾದರೂ ದೊಡ್ಡ ಊಟವಿದ್ದಾಗ ಮಾತ್ರ ಅದು ಹೊರಗೆ ಬರುತ್ತಿತ್ತು. ಬೇರೆಯವರಿಗೆ ಉಜ್ಜಲಿಕ್ಕೂ ಕೊಡುತ್ತಿರಲಿಲ್ಲ. ಹುಣಸೆಹಣ್ಣು, ಬೂದಿ ಹಾಕಿ ತಾನೇ ತಿಕ್ಕುತ್ತಿದ್ದಳು; ಆ ಬೆಳಿಗ್ಗೆಯಷ್ಟೇ ತಿಕ್ಕಿ ಕವುಚಿ ಇಟ್ಟಿದ್ದಳು. ಅದರಲ್ಲಿ ಈಗ ಮೀನು. ಅತ್ತಿಗೆ ನನ್ನ ಕಡೆ ನೋಡಿದರು, ನಾನು ಅವರ ಕಡೆ. ಇಬ್ಬರಿಗೂ ನಂಬಲಾಗಲಿಲ್ಲ.

ಬಾವಿಯಿಂದ ತಣ್ಣೀರು ಸೇದಿ ಹಂಡೆ ತುಂಬಿದೆವು. ಅತ್ತಿಗೆ ಬಲೆಚೀಲದಿಂದ ನಾಲ್ಕು ಮೀನುಗಳನ್ನು ಎತ್ತಿ ಅದಕ್ಕೆ ಬಿಟ್ಟರು. ನೆಲಕ್ಕೆಲ್ಲ ನೀರು ಚೆಲ್ಲಿತು. ಹಾಗೆ ಎತ್ತುವಾಗ ಬಲೆಚೀಲದ ಕಂಬಿ ರಬ್ಬರ್ ಕೊಳವೆಗೆ ಸಿಕ್ಕಿ ಮೋಟಾರು ಹಲಗೆಯಿಂದ ಜಾರಿ, ಅರ್ಧ ನೀರಿನೊಳಗೆ ತೂಗುತ್ತ ನಿಂತಿತ್ತು. ಇದು ಆಮೇಲೆ ತಿಳಿದದ್ದು. ಸದ್ದು ಮಾಡದ ಯಂತ್ರದ ಕಡೆ ಯಾರೂ ನೋಡಲಿಲ್ಲ.

ಹಂಡೆಯಲ್ಲಿ ಮೀನುಗಳು ಮೊದಲು ಚುರುಕಾಗಿ ಓಡಾಡಿದವು. ಕೆಂಪು ತಾಮ್ರದೊಳಗೆ ಅವು ಇನ್ನೂ ಚಂದ ಕಂಡವು. ಅಮ್ಮನೂ ಬಗ್ಗಿ ನೋಡಿ ಏನೋ ಮೆಚ್ಚುಗೆಯ ಮಾತಾಡಿದಳು. ಆಮೇಲೆ ಒಂದು ಓರೆಯಾಯಿತು. ಅದರ ಹಿಂದೆಯೇ ಇನ್ನೊಂದು. ಚಹಾದ ಹೊತ್ತಿಗೆ ನಾಲ್ಕೂ ಹೊಟ್ಟೆ ಮೇಲಾಗಿ ತೇಲುತ್ತಿದ್ದವು. ಗಾಜಿನ ಪೆಟ್ಟಿಗೆಯಲ್ಲಿ ಬಿಟ್ಟಿದ್ದ ಮೂರು ಮಾತ್ರ ಗುಟುಕರಿಸುತ್ತಲೇ ಬದುಕಿದ್ದವು.

ಅತ್ತಿಗೆ ಅಳಲಿಲ್ಲ. ಸತ್ತವನ್ನು ಒಂದೊಂದಾಗಿ ಎತ್ತಿ ಬಾಳೆ ಎಲೆಯ ಮೇಲಿಟ್ಟರು. ನಂತರ ತಲೆ ಎತ್ತದೆ ಹೇಳಿದರು.

"ನಿಮಗೆ ಬೇಕಾದದ್ದು ಆಯಿತಲ್ಲ, ಮಾಂಯ್."

ಅತ್ತೆಗೆ ಅವರು ಹಾಗೆ ಎದುರು ಮಾತಾಡಿದ್ದು ಅದೇ ಮೊದಲು. ಅಮ್ಮ ಅಡುಗೆಮನೆಗೆ ಹೋದಳು. ಅತ್ತಿಗೆ ಗಾಜಿನ ಪೆಟ್ಟಿಗೆಯ ಬಳಿಗೆ ಬಂದು, ಬರಿಗಾಲಿನಲ್ಲಿ ಆ ಒದ್ದೆ ಸಿಮೆಂಟಿನ ಮೇಲೆ ನಿಂತು, ನೀರಿಗೆ ಗಾಳಿ ಸೇರಲೆಂದು ಮೊಣಕೈಯವರೆಗೆ ಕೈ ಇಳಿಸಿ ಕಲಕತೊಡಗಿದರು. ನಾನು ಪಕ್ಕದಲ್ಲೇ ಇದ್ದೆ.

ಚಾವಡಿಯ ಬಲ್ಬು ಹತ್ತಿತು. ಮೋಡದ ಕತ್ತಲಲ್ಲಿ ಅದು ಎಷ್ಟು ಬೆಳಕಾಗಿ ಕಂಡಿತೆಂದರೆ, ನಾನು ಮೇಲೆ ನೋಡಿ ಸಂತೋಷದಿಂದ "ಬಂತು" ಎಂದೆ. ಮೇಲೆ ನೋಡಿದ ಆ ಹೊತ್ತು ಎಷ್ಟಿತ್ತು? ಎಷ್ಟೋ ವರ್ಷ ಅದನ್ನೇ ಅಳೆದಿದ್ದೇನೆ. ಬಲ್ಬು ನೋಡಿ ನಗುತ್ತಿರುವಾಗಲೇ ಕಿವಿಗೆ ಒಂದು ಸದ್ದು ಬಿತ್ತು. ಅತ್ತಿಗೆಯ ಬಳೆಗಳು ಗಾಜಿಗೆ ಕಟಕಟ ಕಟಕಟ ಬಡಿಯುತ್ತಿದ್ದವು. ಅವರ ಬಾಯಿ ತೆರೆದಿತ್ತು, ಸ್ವರ ಬರುತ್ತಿರಲಿಲ್ಲ. ತೋಳು ಮರದ ಹಾಗೆ ಬಿಗಿದಿತ್ತು. ಮುಟ್ಟಿದರೆ ನಾನೂ ಹೋಗುತ್ತೇನೆಂದು ಪುಸ್ತಕದಲ್ಲಿ ಓದಿದ್ದೆ. ಸ್ವಿಚ್ ಗೋಡೆಯ ಮೇಲೆ, ಅವರ ಬೆನ್ನಿನ ಆಚೆ. ನನ್ನ ಕಾಲ ಕೆಳಗೂ ಅದೇ ನೀರು.

ಅಡುಗೆಮನೆಯ ಬಾಗಿಲಲ್ಲಿ ಅಮ್ಮ ಕಂಡಳು. ಕೈಯಲ್ಲಿ ಸೌಟು. ದೀಪ ಹಾಕಲಿಕ್ಕೆ ತಂದದ್ದಲ್ಲ. ಬಿಸಿ ಗಂಜಿಯನ್ನು ಆರಿಸುವಾಗ ಸೌಟಿನಿಂದ ಎತ್ತಿ ಎತ್ತಿ ಮೇಲಿನಿಂದ ಸುರಿಯುತ್ತೇವಲ್ಲ, ಹಾಗೆ ಆ ನೀರನ್ನು ಸುರಿದರೆ ಮೀನಿಗೆ ಗಾಳಿ ಸಿಕ್ಕೀತು ಎಂದು ತಂದದ್ದು. ಗೂಟದಿಂದ ಆಗ ತಾನೇ ತೆಗೆದ ಸೌಟು. ಒಣಗಿತ್ತು.

"ಅವಳನ್ನು ಮುಟ್ಟಬೇಡ," ಎಂದಳು ನನಗೆ. ಕೂಗಿ ಹೇಳಲಿಲ್ಲ. ವರ್ಷವಿಡೀ ಮಾಡಿದ ಹಾಗೆಯೇ ಮಾರು ದೂರದಲ್ಲಿ ನಿಂತು ಕೈ ಚಾಚಿದಳು. ಸ್ವಿಚ್ಚಿಗೆ ಹೋಗಲು ಅತ್ತಿಗೆ ಅಡ್ಡವಿದ್ದರು. ಹಾಗಾಗಿ ಮೇಜಿನ ಬದಿಯಲ್ಲಿ ಇಳಿಬಿದ್ದಿದ್ದ ಮೋಟಾರಿನ ವಯರಿಗೆ ಚಿಪ್ಪನ್ನು ಕೊಕ್ಕೆಯಂತೆ ಸಿಕ್ಕಿಸಿ, ಬಾವಿಯಿಂದ ಕೊಡ ಎಳೆಯುವವಳಂತೆ ಎರಡೂ ಕೈಯಿಂದ ಎಳೆದಳು. ಪಿನ್ನು ಗೋಡೆಯಿಂದ ಕಿತ್ತು ಬಂತು. ಬಳೆಯ ಸದ್ದು ನಿಂತಿತು. ಅತ್ತಿಗೆ ಹಿಂದಕ್ಕೆ ನನ್ನ ಮೇಲೆ ಬಿದ್ದರು, ನಾವಿಬ್ಬರೂ ಒದ್ದೆ ನೆಲದ ಮೇಲೆ ಕುಸಿದೆವು. ಅವರು ಉಸಿರೆಳೆದುಕೊಂಡ ಸದ್ದು ಕೇಳಿ ನನಗೆ ಅಳು ಬಂತು.

ಸ್ವಲ್ಪ ಹೊತ್ತಿಗೆ ಅವರು ಎದ್ದು ಕುರ್ಚಿಯಲ್ಲಿ ಕೂತರು. ಮಣಿಕಟ್ಟು ಕೆಂಪಾಗಿತ್ತು, ಬೇರೆ ಏನೂ ಆಗಿರಲಿಲ್ಲ. ಅಮ್ಮ ಅವರಿಗೆ ಬಿಸಿ ಗಂಜಿನೀರು ಕುಡಿಸಿದಳು. ನಂತರ ಸೌಟಿನ ಕೋಲಿನಿಂದ ಮೋಟಾರನ್ನು ನೀರಿನಿಂದ ಎತ್ತಿ, ಸತ್ತ ಹೆಗ್ಗಣವನ್ನು ಎಸೆಯುವ ಹಾಗೆ ಅಂಗಳಕ್ಕೆ ಎಸೆದಳು. ಆಮೇಲೆ ಪೆಟ್ಟಿಗೆಯ ಮುಂದೆ ನಿಂತು, ನೀರನ್ನು ಎತ್ತಿ ಮೇಲಿನಿಂದ ಸುರಿಯಲು ಶುರು ಮಾಡಿದಳು. ಮೂರು ಮೀನುಗಳು ಮೂಲೆಯಲ್ಲಿ ಗುಂಪಾಗಿ ಬಾಯಿ ತೆರೆಯುತ್ತಿದ್ದವು.

ಸುರಿಯುತ್ತಲೇ ಅವಳು ಹೇಳಿದಳು.

"ಕೊಲ್ಲಲಿಕ್ಕಾದರೆ ಹಳೆ ಬಾಲ್ದಿ ಸಾಕಿತ್ತು. ನನ್ನ ಹಂಡೆ ಯಾಕೆ ಕೊಡ್ತಿದ್ದೆ?"

ಅತ್ತಿಗೆ ಎದ್ದು ಬಂದು, ಅಮ್ಮನ ಕೈ ಸೋತಾಗ ಸೌಟು ತೆಗೆದುಕೊಂಡು ತಾವೇ ಸುರಿಯತೊಡಗಿದರು. ಅವರ ನಂತರ ನಾನು. ಮೋಟಾರು ಹಾಳಾಗಿದ್ದರಿಂದ ಕರೆಂಟ್ ಇದ್ದೂ ನಮಗೆ ಉಪಯೋಗವಿರಲಿಲ್ಲ. ಮಳೆ ಬಂದು ತಂಪಾಯಿತು. ಕತ್ತಲಾಗುವ ಹೊತ್ತಿಗೆ ಮೀನುಗಳು ಮೇಲೆ ಬಂದು ಗುಟುಕರಿಸುವುದನ್ನು ಬಿಟ್ಟು ತಳಕ್ಕೆ ಇಳಿದವು.

ಮಣಿಪಾಲದಿಂದ ಬಂದ ಅಣ್ಣ ಎಲ್ಲವನ್ನೂ ಕೇಳಿ ಬಾಗಿಲ ಮೆಟ್ಟಿಲಲ್ಲೇ ಕೂತುಬಿಟ್ಟ. ಹಂಡೆಯ ವಿಷಯವನ್ನು ಅವನು ಬಿಡಿಸಿ ಹೇಳಿದ: ತಾಮ್ರ ಮೀನಿಗೆ ವಿಷ, ಹುಣಸೆಹುಳಿ ತಾಗಿದ ತಾಮ್ರ ಇನ್ನೂ ಕೆಟ್ಟದ್ದು. ಹೊಳೆಯುವಷ್ಟು ತಿಕ್ಕಿದ್ದೇ ತಪ್ಪಾಗಿತ್ತು. ಮನೆಯ ಅತಿ ಒಳ್ಳೆಯ ಪಾತ್ರೆಯನ್ನೇ ಕೊಟ್ಟ ಅಮ್ಮನಿಗೆ ಇದು ಹೇಗೆ ತಿಳಿಯಬೇಕು? ಅತ್ತಿಗೆ ಅಡುಗೆಮನೆಗೆ ಹೋದರು. ಒಳಗೆ ಏನು ಮಾತಾಯಿತೋ ನಮಗೆ ಕೇಳಿಸಲಿಲ್ಲ. ಹೊರಗೆ ಬರುವಾಗ ಇಬ್ಬರೂ ಆ ಹಂಡೆಯನ್ನು ಎರಡು ಬದಿಯಲ್ಲಿ ಹಿಡಿದುಕೊಂಡು ಬಾವಿಕಟ್ಟೆಗೆ ಹೋದರು. ಅಮ್ಮನಲ್ಲದೆ ಬೇರೊಬ್ಬರ ಕೈ ಅದನ್ನು ತೊಳೆದದ್ದು ಅಂದೇ.

ಅಂದಿನಿಂದ ನಮ್ಮ ಮನೆಯಲ್ಲಿ ಕರೆಂಟ್ ಹೋದರೆ ಮೊದಲು ಪಿನ್ನು ಕೀಳುವುದು, ಆಮೇಲೆ ಉಳಿದದ್ದು. ಸೌಟು ಅಡುಗೆಮನೆಗೆ ವಾಪಸು ಹೋಗಲಿಲ್ಲ. ಚಾವಡಿಯಲ್ಲಿ ಮೀನಿನ ಪೆಟ್ಟಿಗೆಯ ಪಕ್ಕ ಮೊಳೆ ಹೊಡೆದು ತೂಗುಹಾಕಿದೆವು. ಅದನ್ನು ನೋಡಿ ಅಣ್ಣ ಮತ್ತೆಂದೂ ಅಣಕಿಸಲಿಲ್ಲ. ಈಗಲೂ ಬಳೆ ಗಾಜಿಗೆ ತಾಗಿದ ಸದ್ದು ಕೇಳಿದರೆ ನನ್ನ ಕಣ್ಣು ಗೋಡೆಯ ಪಿನ್ನನ್ನು ಹುಡುಕುತ್ತದೆ. ಆಗ ಆ ಒಣ ಚಿಪ್ಪು ವಯರಿಗೆ ಸಿಕ್ಕಿಕೊಂಡದ್ದನ್ನು ಬೇಕೆಂದೇ ನೆನಪಿಸಿಕೊಳ್ಳುತ್ತೇನೆ.

ಮರುದಿನ ಮೀನಿನ ಹೆಂಗಸು ಬುಟ್ಟಿ ಇಳಿಸುವ ಮೊದಲೇ ಸುದ್ದಿ ಕೇಳಿಕೊಂಡು ಬಂದಿದ್ದಳು. ಚಾವಡಿಗೆ ಇಣುಕಿದಳು. ಪೆಟ್ಟಿಗೆಯ ಮುಂದಿನ ಕುರ್ಚಿಯಲ್ಲಿ ಅತ್ತಿಗೆ ಕೂತಿದ್ದರು. ಮೇಜು ಇದ್ದಲ್ಲೇ ಇತ್ತು.

"ಮೀನು ಹೋಯಿತಂತೆ ಅಲ್ವಾ, ಬಾಯಮ್ಮ? ಎಷ್ಟು ಉಳಿಯಿತು?"

ಅಮ್ಮ ಬುಟ್ಟಿಯ ಬಂಗುಡೆಯ ಕಿವಿರು ಎತ್ತಿ ನೋಡುತ್ತಿದ್ದಳು. ನೋಡುವುದನ್ನು ನಿಲ್ಲಿಸಲಿಲ್ಲ.

"ಮೂರು ಉಂಟು," ಎಂದಳು. "ಮತ್ತೆ ಒಬ್ಬಳು ಸೊಸೆ."