ಸ್ಟೇಡಿಯಂ ಗೇಟಿನಲ್ಲಿ ಮಾವನ ರಮ್ ಬಾಟಲಿ

ಗೆಳೆಯರೇ, ಇವತ್ತು ನನ್ನ ಸೋದರಮಾವ ರಮ್ ಬಾಟಲಿ ಸಮೇತ ಸಿಕ್ಕಿಬಿದ್ದರು. ಠಾಣೆ ಶಹರದಲ್ಲಿ ಮೂವತ್ತು ವರ್ಷ ಉಡುಪಿ ಹೋಟೆಲು ನಡೆಸಿದವರು, ಚಹಾ ಕೂಡ ಲೈಟಾಗಿ ಕುಡಿಯುವವರು!

ನೆರೂಳಿನ ಫುಟ್‌ಬಾಲ್ ಪಂದ್ಯಕ್ಕೆ ಲೋಕಲ್ ರೈಲು ಹತ್ತಿದಾಗಿನಿಂದ ನಮ್ಮಿಬ್ಬರದು ಒಂದೇ ಜಗಳ. ಸ್ಟ್ಯಾಂಡಿನಲ್ಲಿ ಕುಳಿತು ಒಂದು ಬಿಯರ್ ಕುಡಿದರೆ ಯಾರಪ್ಪನ ಗಂಟು ಹೋಗುತ್ತದೆ ಎಂದು ನಾನು. "ಹೆಂಗಸರು ಮಕ್ಕಳು ಬರುವ ಜಾಗ ಮಾರಾಯ, ಒಂದು ತೊಟ್ಟೂ ಒಳಗೆ ಬಿಡಬಾರದು" ಎಂದು ಅವರು.

ಗೇಟಿನಲ್ಲಿ ಮಾವನ ಚೀಲ ತೆರೆದರೆ ರಮ್ ಬಾಟಲಿ. ನಮ್ಮ ಊರಿನಿಂದ ಜೇನು, ತೆಂಗಿನೆಣ್ಣೆ ಎಲ್ಲ ಬರುವುದು ಇಂಥ ಬಾಟಲಿಗಳಲ್ಲೇ. ಅತ್ತೆ ಅವನ್ನು ತೊಳೆದಿಟ್ಟುಕೊಳ್ಳುತ್ತಾರೆ. ಇವತ್ತು ಒಂದರಲ್ಲಿ ಪುನರ್ಪುಳಿ, ಅಂದರೆ ಇಲ್ಲಿಯವರ ಕೋಕಮ್, ಶರಬತ್ತು ತುಂಬಿಸಿ ಕೊಟ್ಟಿದ್ದರು. ಲೇಬಲ್ ಹಾಗೆಯೇ ಇತ್ತು, ಬಣ್ಣವೂ ಹೊಂದುತ್ತಿತ್ತು.

"ಕಾಕಾ, ದಾರು ಅಂದರ್ ನಹೀ ಚಲೇಗಾ" ಎಂದ ಸೆಕ್ಯುರಿಟಿಯವನು.

"ದಾರು? ಮೇರೇ ಪಾಸ್? ಪೀಕೆ ದೇಖೋ!" ಮಾವ ಮುಚ್ಚಳ ತಿರುಗಿಸಿ ಬಾಟಲಿ ಚಾಚಿದರು.

ಅವನು ಒಂದು ಗುಟುಕು ಕುಡಿದು ನಕ್ಕ. "ಕೋಕಮ್ ಹೈ. ಪರ್ ಬಾಟಲ್ ಅಂದರ್ ನಹೀ ಜಾಯೇಗಾ."

ಚೆಲ್ಲಲು ಹೋಟೆಲಿನವರಿಗೆ ಮನಸ್ಸು ಬರುತ್ತದೆಯೇ? ಮಾವ ಚೀಲದಿಂದ ಪೇಪರ್ ಕಪ್ ತೆಗೆದರು. ಸಾಲಿನಲ್ಲಿ ನಿಂತವರಿಗೆಲ್ಲ ರಮ್ ಬಾಟಲಿಯಿಂದ ಬಗ್ಗಿಸಿ ಬಗ್ಗಿಸಿ ಕೊಟ್ಟರು. ಜನ "ಕಾಕಾ! ಕಾಕಾ!" ಎಂದು ಕೂಗಿದರು.

ಹಾಫ್‌ಟೈಮಿನಲ್ಲಿ ಹಿಂದಿನ ಸಾಲಿನವನೊಬ್ಬ ಮಾವನ ಭುಜ ತಟ್ಟಿ, "ಕಾಕಾ, ಔರ್ ಹೈ ಕ್ಯಾ?" ಎಂದು ಇನ್ನಷ್ಟು ಕೇಳಿದ.

ಮಾವ ಸಣ್ಣ ಮುಖ ಮಾಡಿಕೊಂಡು ನನ್ನತ್ತ ಬಾಗಿದರು. "ಒಂದು ಬಾಟಲಿ ಒಳಗೆ ಬಿಟ್ಟಿದ್ದರೆ ಈ ಗೇಟಿನವರಿಗೆ ಎಂತ ಆಗ್ತಿತ್ತು ಮಾರಾಯ?"